ಗುಡ್ಡದ ಮೇಲೆ ಕೋರೆ, ಕೆಳಗೆ ನಾವು: ನಮ್ಮಂಥವರಿಂದ ಎಂತ ಆಗ್ತದೆ ಹೇಳಿ?

ಪದವಿನಡಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕ-ಪೆರ್ಲ ಮಾರ್ಗದಿಂದ ಸ್ವಲ್ಪ ಒಳಗೆ. ಮನೆಯ ಹಿಂದೆಯೇ ಪದವು, ಅಂದ್ರೆ ಗುಡ್ಡದ ಮೇಲಿನ ಬಯಲು. ಅಲ್ಲಿ ಕೆಂಪುಕಲ್ಲಿನ ಕೋರೆ ಶುರುವಾದದ್ದು ಒಂದು ಮೂಲೆಯಲ್ಲಿ, ಈಗ ನೋಡಿದ್ರೆ ಪದವಿನ ಅರ್ಧ ಭಾಗ ಹೋಗಿ ಆಗಿದೆ. ಅಜ್ಜ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ತೆಗೆಸಿದ ಸುರಂಗದಲ್ಲಿ ಮೊದಲೆಲ್ಲ ಮೇ ಕೊನೆಯ ಪತ್ತನಾಜೆವರೆಗೂ ನೀರು ಬರ್ತಿತ್ತು. ಈ ಸಲ ಶಿವರಾತ್ರಿ ಕಳೆದ ಕೂಡ್ಲೇ ತೊಟ್ಟಿಕ್ಕಲು ಶುರು. ಕೆಳಗಿನ ನಾಲ್ಕೈದು ಮನೆಯವರ ಬಾವಿಯದ್ದೂ ಅದೇ ಕಥೆ. ಲಾರಿ ಹೋಗಿ ಹೋಗಿ ಪಂಚಾಯತು ಮಾರ್ಗ ಎದ್ದು ಹೋಗಿದೆ, ಮಕ್ಕಳನ್ನು ಕರ್ಕೊಂಡು ಹೋಗುವ ಜೀಪಿನವರು "ಇನ್ನು ಮೇಲೆ ಬರುದಿಲ್ಲ" ಅಂದಿದ್ದಾರೆ.

ಮೆಂಬರ್ ಹತ್ರ ಹೇಳಿದ್ರೆ "ನೋಡುವ". ವಿಲೇಜ್ ಆಫೀಸಲ್ಲಿ ಕೇಳಿದ್ರೆ "ಅದು ಜಿಯಾಲಜಿಯವರದ್ದು", ಅಂದ್ರೆ ಗಣಿ ಇಲಾಖೆಯವರದ್ದು. ಜಿಯಾಲಜಿ ಆಫೀಸಿಗೆ ಹೋಗ್ಲಿಕ್ಕೆ ನಮ್ಮವರಿಗೆ ಅಂಗಡಿಯಿಂದ ರಜೆ ಸಿಗುದಿಲ್ಲ, ಅವರು ಅಲ್ಲಿ ಲೆಕ್ಕ ಬರಿಯುವ ಕೆಲಸ. ನಾನು ಮನೆಯಲ್ಲೇ ಹೊಲಿಗೆ. ಯಾವ ಪಾರ್ಟಿಯವರೂ ಅಲ್ಲ. ಕೋರೆಯವರ ಹತ್ರ ದುಡ್ಡುಂಟು, ಜನ ಉಂಟು.

ನನ್ನ ಪ್ರಶ್ನೆ ಸೀದಾ: ನಮ್ಮಂಥವರಿಗೆ ಶಕ್ತಿ ಎಲ್ಲಿಂದ ಬರ್ತದೆ? "ಎಲ್ಲರೂ ಒಂದಾಗಬೇಕು" ಎಂಬ ಭಾಷಣ ದಯವಿಟ್ಟು ಬೇಡ. ಮಾಡಿ ನೋಡಿದವರು ಇದ್ರೆ ಹೇಳಿ.

ಅಡಕೆ ಸೋಗೆ
ಎಂತದೂ ಆಗುದಿಲ್ಲ ಅಕ್ಕಾ. ದುಡ್ಡಿದ್ದವನದ್ದೇ ನಡೆಯುದು. ಒಂದು ಬೋರ್ ತೆಗೆಸಿ ಸುಮ್ಮನಿರಿ.

ಹಲಸಿನ ಹಪ್ಪಳ
ಬೋರ್ ತೆಗೆದ್ರೆ ಸುರಂಗದಲ್ಲಿ ಉಳಿದ ನೀರೂ ಹೋಗ್ತದೆ ಮಾರಾಯ್ರೆ. ಎಂಥ ಸಲಹೆ ಇದು!

ಕುಂಬ್ಳೆ ಕೆಂಪ
ಲಾರಿ ತಡೀರಿ. ಒಂದು ದಿವಸ ಹತ್ತು ಲಾರಿ ಮಾರ್ಗದಲ್ಲಿ ನಿಂತ್ರೆ ಮೆಂಬರೂ ಬರ್ತಾನೆ, ತಹಶೀಲ್ದಾರರೂ ಬರ್ತಾರೆ, ಚಾನೆಲ್‌ನವರೂ ಬರ್ತಾರೆ. ಅರ್ಜಿ ಕೊಟ್ಟು ಕೂತ್ರೆ ಪದವು ಮುಗಿದ ಮೇಲೆ ಉತ್ತರ ಬರ್ತದೆ.

ದೋಹಾ ಡ್ಯೂಟಿ
ಕೆಂಪಣ್ಣ, ಹೇಳ್ಲಿಕ್ಕೆ ಸುಲಭ. ನಮ್ಮೂರಲ್ಲಿ ಹೀಗೇ ಮಾರ್ಗ ತಡೆದು ಹುಡುಗರ ಮೇಲೆ ಕೇಸ್ ಬಿತ್ತು. ಚಾನೆಲ್‌ನವರು ಒಂದು ದಿವಸ ಬಂದ್ರು, ಕೇಸ್ ಮಾತ್ರ ವರ್ಷಗಟ್ಟಲೆ ಉಳಿಯಿತು. ಗಲ್ಫಿಗೆ ಹೊರಟವನಿಗೆ ಪೊಲೀಸ್ ಕ್ಲಿಯರೆನ್ಸ್ ಬೇಕು. ಕೇಸ್ ಇದ್ರೆ ಅದು ಸಿಗುದು ಯಾವಾಗ? ವೀಸಾ ಕೈಗೆ ಬಂದು ಹೋದವರನ್ನು ನಾನೇ ಕಂಡಿದ್ದೇನೆ. ನಮ್ಮ ಕಡೆ ಹುಡುಗರು ಹೋರಾಟಕ್ಕೆ ಇಳಿಯುದಿಲ್ಲ ಅಂತ ಬೈತಾರಲ್ಲ, ಹೆದರಿಕೆ ಇರುದು ಇಲ್ಲಿ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುದಿಲ್ಲ.

ಕುಂಬ್ಳೆ ಕೆಂಪ
ಹಾಗಾದ್ರೆ ಎಲ್ಲರೂ ದೋಹಾದಲ್ಲೇ ಕೂತು ಊರಿನ ಬಗ್ಗೆ ಬೇಜಾರು ಮಾಡ್ಕೊಳ್ಳುವ.

ದೋಹಾ ಡ್ಯೂಟಿ
ನನ್ನ ಮನೆ ಸಾಲ ನೀವು ಕಟ್ತೀರಾ? ಕಟ್ಟಿದ್ರೆ ನಾಳೆಯೇ ಬಂದು ಲಾರಿಗೆ ಅಡ್ಡ ಮಲಗ್ತೇನೆ.

ನೀರ್ಚಾಲು ಮಾಸ್ಟ್ರು
ಜಗಳ ಸಾಕು. ತಂಗೀ, ನೀನಿರುವ ಜಾಗದಿಂದ ಪಡ್ರೆ, ಸ್ವರ್ಗ ಎಂಬ ಊರುಗಳಿಗೆ ಎಷ್ಟು ದೂರ? ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯದಲ್ಲಿ ನಮ್ಮ ಜಿಲ್ಲೆ ಕಂಡದ್ದನ್ನು ಈಗಿನವರು ಬರೀ ಕಣ್ಣೀರಿನ ಕಥೆಯಾಗಿ ಕೇಳ್ತಾರೆ. ಅದನ್ನು ಸಿಂಪಡಿಸುವ ಹೆಲಿಕಾಪ್ಟರ್ ನಿಂತದ್ದು ಹೇಗೆ ಎಂಬುದನ್ನು ಕೇಳುವವರು ಕಡಿಮೆ.

ಪ್ಲಾಂಟೇಶನ್ ಕಾರ್ಪೊರೇಶನ್ ಅಂದ್ರೆ ಸರಕಾರವೇ. ಗೇರುತೋಟಕ್ಕೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ವಿಷ ಹೊಯ್ದರು. ಎದುರು ನಿಂತವರು ಯಾರು? ದನಗಳು ಅಂಗವಿಕಲ ಕರು ಹಾಕುವುದನ್ನು ಕಂಡು ಮೊದಲು ಬರೆದವರು ಶ್ರೀಪಡ್ರೆ, ಹಳ್ಳಿಯಲ್ಲೇ ಇದ್ದ ಪತ್ರಕರ್ತರು. ವಾಣಿನಗರದ ಡಾಕ್ಟರ್ ಮೋಹನ್ ಕುಮಾರ್ ಸಣ್ಣ ಕ್ಲಿನಿಕ್ಕಿನಲ್ಲಿ ಕೂತು, ಒಂದೇ ಪ್ರದೇಶದ ಮನೆಗಳಿಂದ ಇಷ್ಟು ಬಗೆಯ ಕಾಯಿಲೆ ಯಾಕೆ ಬರ್ತಾ ಉಂಟು ಅಂತ ಗಮನಿಸಿದವರು. ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯಲ್ಲಿ ಸಣ್ಣ ಹುದ್ದೆಯಲ್ಲಿದ್ದವರು; 1998ರಲ್ಲಿ ನಮ್ಮ ಜಿಲ್ಲೆಯದ್ದೇ ಹೊಸದುರ್ಗ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಸರಕಾರಿ ಸಂಬಳ ತಿನ್ನುತ್ತಾ ಸರಕಾರಿ ಕಂಪೆನಿಯ ಮೇಲೆ ಕೇಸ್ ಹಾಕುವುದಕ್ಕೆ ಎಷ್ಟು ಧೈರ್ಯ ಬೇಕು, ಯೋಚಿಸಿ.

2001ರಲ್ಲಿ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್‌ನವರು ಪಡ್ರೆಯ ನೀರು, ರಕ್ತ ಎಲ್ಲ ಪರೀಕ್ಷೆ ಮಾಡಿದರು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ವಿಷವಸ್ತುಗಳ ಮೇಲಿನ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ಕ್ಕೆ ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಕೊಟ್ಟಿತು. ಹಳ್ಳಿ ಡಾಕ್ಟರರ ನೋಟ್‌ಬುಕ್ಕಿನಿಂದ ಜಿನೀವಾದವರೆಗೆ. ಇವರಲ್ಲಿ ಯಾರ ಹತ್ರ ದುಡ್ಡಿತ್ತು, ಜನ ಇತ್ತು?

ಅಡಕೆ ಸೋಗೆ
ಮಾಸ್ಟ್ರೇ, ಅರ್ಧ ಕಥೆ ಹೇಳ್ಬೇಡಿ. ನಿಲ್ಲಿಸ್ಲಿಕ್ಕೆ ಇಪ್ಪತ್ತು ವರ್ಷ ಹೋಯಿತು. ಅಷ್ಟರಲ್ಲಿ ಹುಟ್ಟಿದ ಮಕ್ಕಳ ಗತಿ? 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ಪರಿಹಾರ ಮೂರು ತಿಂಗಳೊಳಗೆ ಕೊಡಿ ಅಂತು. 2022ರ ಮೇಯಲ್ಲಿ ನೋಡಿದ್ರೆ 3,704 ಮಂದಿಯಲ್ಲಿ ಕೊಟ್ಟದ್ದು 8 ಮಂದಿಗೆ. ಎಂಟು! ಇದನ್ನು ನೀವು ಗೆಲುವು ಅಂತೀರಾ?

ಕರಿಕೋಟು
ಆ ಎಂಟು ಮಂದಿ ಯಾರು ಅಂತ ಗೊತ್ತುಂಟಾ? ಆದೇಶ ಪಾಲಿಸಿಲ್ಲ ಅಂತ ಮತ್ತೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು. ಕೋರ್ಟು ಕೂಡ ಅದನ್ನೇ ಹಿಡ್ಕೊಂಡು ಸರಕಾರವನ್ನು ಬೈದದ್ದು, ಇಲ್ಲಿವರೆಗೆ ಬರ್ಲಿಕ್ಕೆ ಶಕ್ತಿ ಇದ್ದವರಿಗೆ ಮಾತ್ರ ಕೊಟ್ಟಿದ್ದೀರಲ್ಲ ಅಂತ. ಅನ್ಯಾಯವೇ, ಬೇರೆ ಮಾತಿಲ್ಲ. ಆದ್ರೆ ಇದರಿಂದ ತಿಳಿಯುದು "ಎಂತದೂ ಆಗುದಿಲ್ಲ" ಅಂತ ಅಲ್ಲ. ಆದೇಶ ಬಂದ ಮೇಲೂ ಬೆನ್ನು ಬಿಡಬಾರದು ಅಂತ.

ಅಡಕೆ ಸೋಗೆ
ಬೆನ್ನು ಹಿಡಿಯುವವನ ತೋಟಕ್ಕೆ ಯಾರು ಮದ್ದು ಬಿಡುದು? ನಮಗೆ ಈ ಸಲ ಎಲೆಚುಕ್ಕಿ ರೋಗದಲ್ಲೇ ಸಾಕಾಗಿ ಹೋಗಿದೆ.

ಹಲಸಿನ ಹಪ್ಪಳ
ಎಲೆಚುಕ್ಕಿಗೆ ಎಂತ ಬಿಡ್ತಾ ಇದ್ದೀರಿ? ನಮ್ಮಲ್ಲಿ ಬೋರ್ಡೋ ಬಿಟ್ಟು ಬಿಟ್ಟು ಸೋತಿದ್ದೇವೆ.

ವೇದಿಕೆ ನಿರ್ವಾಹಕ
ಎಲೆಚುಕ್ಕಿಗೆ ಬೇರೆ ಎಳೆ ಉಂಟು, ಅಲ್ಲಿಗೆ ಹೋಗಿ. ಇಲ್ಲಿ ಕೋರೆ.

ಬೆಂಗ್ಳೂರು ಬಸ್ಸು
ಮೂಲ ಊರು ಮುಳ್ಳೇರಿಯ, ಈಗ ಬೆಂಗಳೂರು. ಈ ವಿಷಯದಲ್ಲಿ ಸಂಶೋಧನೆಯೇ ಆಗಿದೆ. ಎರಿಕಾ ಚೆನೊವೆತ್ ಅಂತ ಅಮೆರಿಕದ ಪ್ರೊಫೆಸರ್. ಮರಿಯಾ ಸ್ಟೀಫನ್ ಜೊತೆ ಸೇರಿ 1900ರಿಂದ 2006ರವರೆಗಿನ 323 ಹೋರಾಟಗಳನ್ನು ಲೆಕ್ಕ ಹಾಕಿದ್ರು. ಅಹಿಂಸೆಯ ಹೋರಾಟಗಳಲ್ಲಿ ಶೇಕಡಾ 53ರಷ್ಟು ಗೆದ್ದಿವೆ, ಹಿಂಸೆಯವು 26. ಜನಸಂಖ್ಯೆಯ ಶೇಕಡಾ 3.5 ಮಂದಿ ಬೀದಿಗಿಳಿದ ಮೇಲೆ ಸೋತದ್ದು ಬಹಳ ಅಪರೂಪವಂತೆ. ಅಂದ್ರೆ ಎಲ್ಲರೂ ಬರಬೇಕಾಗಿಲ್ಲ. ಸಾವಿರಕ್ಕೆ ಮೂವತ್ತೈದು ಸಾಕು.

ಫೈಲು ಗುಮಾಸ್ತ
ತಮ್ಮಾ, ಅದು ಸರ್ವಾಧಿಕಾರಿಯನ್ನು ಇಳಿಸುವ ಲೆಕ್ಕ. ಇಲ್ಲಿ ಕೆಂಪುಕಲ್ಲು ಕಡಿಯುವ ಮೆಷಿನ್ ಇಳಿಸಿದ್ರೆ ಸಾಕು. ನಮ್ಮಲ್ಲಿ ಬೇಕಾದ್ದು ಶೇಕಡಾ 3.5 ಅಲ್ಲ, 10. ನಾನು ಕೇರಳದ ಪಂಚಾಯತಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವನು, ಸ್ವಲ್ಪ ಉದ್ದ ಬರೀತೇನೆ, ಸಹಿಸಿಕೊಳ್ಳಿ.

1994ರ ಕೇರಳ ಪಂಚಾಯತ್‌ರಾಜ್ ಕಾಯ್ದೆಯ ಪ್ರಕಾರ ಒಂದು ವಾರ್ಡಿನ ಎಲ್ಲ ಮತದಾರರೂ ಸೇರಿದ್ರೆ ಅದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದ್ರೂ ಕರೀಬೇಕು. ಕರೆಯಬೇಕಾದ್ದು ವಾರ್ಡ್ ಮೆಂಬರ್, ಅಧ್ಯಕ್ಷತೆ ಪಂಚಾಯತು ಅಧ್ಯಕ್ಷರದ್ದು. ಕೋರಂ, ಅಂದ್ರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಶೇಕಡಾ 10. ಸತತ ಎರಡು ಸಲ ಕರೆಯದಿದ್ರೆ ಮೆಂಬರ್ ಸ್ಥಾನಕ್ಕೇ ಕುತ್ತು. ಇದು ಮೆಂಬರಿಗೆ ಚೆನ್ನಾಗಿ ಗೊತ್ತುಂಟು, ನಮಗೆ ಗೊತ್ತಿಲ್ಲ ಅಷ್ಟೆ.

ಇನ್ನೊಂದು ಉಂಟು, ಅದನ್ನು ಯಾರೂ ಬಳಸುದಿಲ್ಲ. ವಾರ್ಡಿನ ಶೇಕಡಾ 10 ಮತದಾರರು ಸಹಿ ಹಾಕಿ, ವಿಷಯ ಇಂಥದ್ದು ಅಂತ ಬರೆದು ಕೊಟ್ರೆ ವಿಶೇಷ ಗ್ರಾಮಸಭೆ ಕರೆಯಲೇಬೇಕು. ಎರಡು ಸಾಮಾನ್ಯ ಸಭೆಗಳ ನಡುವೆ ಒಂದು ಸಲ. ವಾರ್ಡಿನಲ್ಲಿ ಸಾವಿರ ಓಟಿದ್ರೆ ನೂರು ಸಹಿ. ನಾನು ಕೆಲಸದಲ್ಲಿದ್ದಷ್ಟು ಕಾಲವೂ ಇಂಥ ಒಂದು ಅರ್ಜಿ ನನ್ನ ಮೇಜಿಗೆ ಬರಲಿಲ್ಲ.

ಈಗ ನಡೆಯುವ ಗ್ರಾಮಸಭೆ ಹೇಗೆ ಅಂತ ಎಲ್ಲರಿಗೂ ಗೊತ್ತು. ಕೋಳಿಮರಿ, ತೆಂಗಿನ ಸಸಿ, ಮನೆ ರಿಪೇರಿ ಇವುಗಳ ಫಾರ್ಮ್ ತೆಗೊಳ್ಳುದು, ಹಾಜರಿ ಪುಸ್ತಕಕ್ಕೆ ಸಹಿ ಹಾಕುದು, ಚಾ ಕುಡ್ದು ಮನೆಗೆ ಹೋಗುದು. ನಿರ್ಣಯದ ಪುಸ್ತಕದಲ್ಲಿ ಎಂತ ಬರೆದ್ರು ಅಂತ ನೋಡುವವರಿಲ್ಲ. ಸಭೆ ಮುಗಿಯುವ ಮೊದಲು ನಿರ್ಣಯ ಗಟ್ಟಿಯಾಗಿ ಓದಿಸಿ, ಆಮೇಲೆ ಎದ್ದು ಹೋಗಿ.

ಕುಂಬ್ಳೆ ಕೆಂಪ
ಗ್ರಾಮಸಭೆ ಹೇಳಿದ ಕೂಡ್ಲೇ ಕೋರೆ ನಿಲ್ತದಾ? ಅದಕ್ಕೆ ಅಧಿಕಾರ ಉಂಟಾ?

ಫೈಲು ಗುಮಾಸ್ತ
ಇಲ್ಲ. ಪರ್ಮಿಟ್ ಕೊಡುದು ಜಿಯಾಲಜಿಯವರು, ಲೈಸೆನ್ಸ್ ಪಂಚಾಯತು. ಗ್ರಾಮಸಭೆಯ ನಿರ್ಣಯ ಶಿಫಾರಸು ಮಾತ್ರ. ಆದ್ರೆ ನಾಳೆ ಕಲೆಕ್ಟರ ಮುಂದೆಯೋ ಕೋರ್ಟಿನಲ್ಲೋ "ಒಬ್ಬಿಬ್ಬರ ಹೊಟ್ಟೆಕಿಚ್ಚು" ಅಂತ ಕೋರೆಯವರು ಹೇಳ್ಲಿಕ್ಕೆ ಆಗುದಿಲ್ಲ. ಸರಕಾರಿ ಪುಸ್ತಕದಲ್ಲಿ, ಅಧ್ಯಕ್ಷರ ಸಹಿಯ ಮೇಲೆ ಬಿದ್ದಿರ್ತದೆ.

ಹತ್ತು ಚಕ್ರ
ನಾನು ಕಲ್ಲಿನ ಲಾರಿ ಓಡಿಸುವವ. ಒಂದು ಮಾತು ಕೇಳ್ತೇನೆ, ಬೈಬೇಡಿ. ಇಲ್ಲಿ ಬರೆಯುವ ಎಲ್ಲರ ಮನೆ ಯಾವುದರಲ್ಲಿ ಕಟ್ಟಿದ್ದು? ಕೆಂಪುಕಲ್ಲಲ್ವಾ? ಸರಕಾರದ ಲೈಫ್ ಯೋಜನೆಯ ಮನೆ ಕಟ್ಲಿಕ್ಕೂ ನಾನೇ ಕಲ್ಲು ಹಾಕಿದ್ದು. ಕೋರೆಯಲ್ಲಿ ಕಲ್ಲು ಹೊರುವವರೂ ಬಡವರೇ. ಒಂದು ಕೋರೆ ನಿಂತ್ರೆ ಧಣಿಗೆ ಎಂತ ಆಗುದಿಲ್ಲ, ಇನ್ನೊಂದು ಗುಡ್ಡ ಹಿಡೀತಾನೆ. ನಮಗೆ ಆ ತಿಂಗಳ ಅಕ್ಕಿ ಇಲ್ಲ. ಸಾಮಾನ್ಯರ ಶಕ್ತಿ ಅಂತ ಹೇಳುವಾಗ ನಮ್ಮನ್ನೂ ಸೇರಿಸ್ತೀರಾ, ಇಲ್ವಾ?

ಪದವಿನಡಿ
ಅಣ್ಣ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಮ್ಮದೂ ಕೆಂಪುಕಲ್ಲಿನ ಮನೆಯೇ. ಕಲ್ಲೇ ತೆಗೀಬಾರದು ಅಂತ ನಾನು ಹೇಳಿಲ್ಲ. ಸುರಂಗದ ನೆತ್ತಿಯ ಮೇಲೆ ತೆಗೀಬೇಡಿ, ಪರ್ಮಿಟ್ ಇದ್ದಷ್ಟೇ ಜಾಗದಲ್ಲಿ ತೆಗೀರಿ, ಶಾಲೆ ಬಿಡುವ ಹೊತ್ತಿಗೆ ಲಾರಿ ಬಿಡಬೇಡಿ. ಇಷ್ಟೇ.

ಹತ್ತು ಚಕ್ರ
ಹಾಗೆ ಹೇಳಿದ್ರೆ ನ್ಯಾಯ. ಶಾಲೆ ಹೊತ್ತಿನ ವಿಷಯ ಡ್ರೈವರುಗಳ ಹತ್ರ ನಾನು ಮಾತಾಡ್ತೇನೆ. ಉಳಿದದ್ದು ನನ್ನ ಕೈಯಲ್ಲಿಲ್ಲ. ಒಂದು ಮಾತ್ರ: ಲಾರಿಗೆ ಕಲ್ಲು ಸಾಗಿಸುವ ಪಾಸ್ ಇದೆಯಾ ಇಲ್ವಾ ಅಂತ ಕೇಳುವವರೇ ಇಲ್ಲ.

ಕರಿಕೋಟು
ಈ ಕೊನೆಯ ಸಾಲನ್ನು ಎಲ್ಲರೂ ಇನ್ನೊಮ್ಮೆ ಓದಿ.

ಅಕ್ಕಾ, ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್, ಬಿಪಿಎಲ್ ಆದ್ರೆ ಅದೂ ಬೇಡ. ಜಿಲ್ಲಾ ಜಿಯಾಲಜಿ ಕಚೇರಿಯ ಮಾಹಿತಿ ಅಧಿಕಾರಿಗೆ. "ಯಾಕೆ ಕೊಟ್ಟಿರಿ, ಹೇಗೆ ಕೊಟ್ಟಿರಿ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ ಅಂತ ತಳ್ಳಿಬಿಡ್ತಾರೆ. ದಾಖಲೆಯ ನಕಲು ಕೇಳಿ: ಪರ್ಮಿಟಿನ ಪ್ರತಿ, ಸರ್ವೆ ನಂಬರು, ಎಷ್ಟು ಜಾಗ, ಯಾವ ತಾರೀಕಿನವರೆಗೆ, ಎಷ್ಟು ಕಲ್ಲಿಗೆ ಪಾಸ್ ಕೊಟ್ಟಿದ್ದಾರೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ರೆ ಮೊದಲ ಮೇಲ್ಮನವಿ ಅದೇ ಇಲಾಖೆಯಲ್ಲಿ, ಎರಡನೆಯದು ಮಾಹಿತಿ ಆಯೋಗಕ್ಕೆ. ಇದೇ ರೀತಿ ಲೈಸೆನ್ಸಿನ ನಕಲು ಪಂಚಾಯತಿನಲ್ಲಿ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನ್ನ ಅನುಭವದಲ್ಲಿ ಅರ್ಧ ಕೇಸು ಅಲ್ಲೇ ಸಿಗ್ತದೆ.

ಮಾರ್ಗ ಕೆಟ್ಟದ್ದಕ್ಕೆ, ನೀರು ಹೋದದ್ದಕ್ಕೆ ಕಂದಾಯ ಅಧಿಕಾರಿ ಆರ್‌ಡಿಒ ಮುಂದೆ ಸಾರ್ವಜನಿಕ ಉಪದ್ರವ ಅಂತ ದೂರು ಕೊಡಬಹುದು. ಹಿಂದೆ ಸಿಆರ್‌ಪಿಸಿ 133ನೇ ಸೆಕ್ಷನ್ ಇತ್ತಲ್ಲ, ಈಗ ಅದರ ಬದಲು ಬಂದ ಕಾನೂನು ಬಿಎನ್‌ಎಸ್‌ಎಸ್‌ನಲ್ಲಿ 152. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಈ ಮಾಹಿತಿ ಹಕ್ಕು ದಿಲ್ಲಿಯವರು ಮನಸ್ಸು ಕರಗಿ ಕೊಟ್ಟದ್ದೇನೂ ಅಲ್ಲ. ಕೂಲಿ ಹಣದ ಲೆಕ್ಕ ತೋರಿಸಿ ಅಂತ ರಾಜಸ್ಥಾನದ ಹಳ್ಳಿಯವರು ಕೇಳಿದ್ರು, 1996ರಲ್ಲಿ ಬ್ಯಾವರ್‌ನಲ್ಲಿ 40 ದಿವಸ ಧರಣಿ ಕೂತ್ರು. ಕಾಯ್ದೆ ಬಂದದ್ದು 2005ರಲ್ಲಿ.

ಅಡಕೆ ಸೋಗೆ
ಒಬ್ಬಳೇ ಹೆಂಗಸು ಹೆಸರು, ವಿಳಾಸ ಹಾಕಿ ಅರ್ಜಿ ಕೊಟ್ರೆ ಕೋರೆಯವನಿಗೆ ಸಂಜೆಯೊಳಗೆ ಸುದ್ದಿ ಹೋಗ್ತದೆ. ಇದನ್ನು ಯಾರೂ ಹೇಳುದಿಲ್ಲ.

ಅಯಲ್‌ಕೂಟದ ಅಕ್ಕ
ಅದಕ್ಕೇ ಒಬ್ಬಳೇ ಹಾಕಬಾರದು. ನಿಮ್ಮ ಹೆಂಗಸರ ಸಂಘ, ಕುಟುಂಬಶ್ರೀ ಅಯಲ್‌ಕೂಟ ಇಲ್ವಾ? ಅದರಲ್ಲಿ ಇರುವ ಎಲ್ಲರೂ ಒಂದೊಂದು ಅರ್ಜಿ ಹಾಕಿ, ಬೇರೆ ಬೇರೆ ಹೆಸರಲ್ಲಿ, ಒಂದೇ ದಿವಸ. ಯಾರ ಮನೆಗೆ ಹೋಗಿ ಹೆದರಿಸುದು ಆಗ?

ನಮ್ಮ ಕಥೆ ಹೇಳ್ತೇನೆ. ಇದು ಕುಂಬಳೆಯ ಈಚೆ. ಮನೆಮನೆಗೆ ನಳ್ಳಿ ಹಾಕಿ ಹೋದ್ರು, ಫೋಟೋ ತೆಗೆದ್ರು, ನೀರು ಮಾತ್ರ ಬರುದಿಲ್ಲ. ಕೇಳಿದ್ರೆ "ವಾರಕ್ಕೆ ಮೂರು ದಿವಸ ಬಿಡ್ತಾ ಇದ್ದೇವಲ್ಲ" ಅಂತ ಇಂಜಿನಿಯರ್. ನಾವು ಬಾಯಲ್ಲಿ ಇಲ್ಲ ಅಂದ್ರೆ ಯಾರು ನಂಬ್ತಾರೆ. ಆಗ ನಮ್ಮಲ್ಲಿ ಒಬ್ಬಳು, ಬೀಡಿ ಕಟ್ಟುವವಳು, ಹೆಚ್ಚು ಮಾತಾಡುವವಳೂ ಅಲ್ಲ, ಹೇಳಿದ್ಲು: ಹಾಲಿನ ಲೆಕ್ಕ ಬರೀತೇವಲ್ಲ ಕ್ಯಾಲೆಂಡರಿನಲ್ಲಿ, ನೀರಿನದ್ದೂ ಬರಿಯುವ. ನೀರು ಬಂದ ದಿವಸ ಒಂದು ಗೀಟು, ಎಷ್ಟು ಕೊಡಪಾನ ಅಂತ ಸಂಖ್ಯೆ. ಬಾರದ ದಿವಸ ಸೊನ್ನೆ. ಎಲ್ಲ ಮನೆಯಲ್ಲೂ ಹಾಗೆ.

ಗ್ರಾಮಸಭೆಯ ದಿವಸ ಎಲ್ಲರೂ ಗೋಡೆಯಿಂದ ಕ್ಯಾಲೆಂಡರ್ ತೆಗೆದು ಸುರುಳಿ ಸುತ್ತಿ ತಂದ್ರು. ಅಧ್ಯಕ್ಷರ ಮೇಜಿನ ಮೇಲೆ ಒಂದರ ಮೇಲೆ ಒಂದು ಬಿಡಿಸಿ ಇಟ್ಟೆವು. ಎಲ್ಲದರಲ್ಲೂ ಒಂದೇ ದಿವಸಕ್ಕೆ ಸೊನ್ನೆ. ದೇವರ ಫೋಟೋದ ಕ್ಯಾಲೆಂಡರ್ ಉಂಟು, ಬ್ಯಾಂಕಿನದ್ದು ಉಂಟು, ಜ್ಯುವೆಲ್ಲರಿಯದ್ದು ಉಂಟು, ಮಸೀದಿಯದ್ದು ಉಂಟು. ಇಂಜಿನಿಯರ್ ಮಾತಾಡ್ಲಿಲ್ಲ. ಪಂಪಿನ ಹತ್ರ ವಾಲ್ವ್ ತಿರುಗಿಸುವಲ್ಲೇ ತೊಂದರೆ ಇತ್ತು, ಆಮೇಲೆ ಸರಿ ಮಾಡಿದ್ರು. ಈಗಲೂ ದಿನಾ ಬರುದಿಲ್ಲ, ಆದ್ರೆ ಹೇಳಿದ ದಿವಸ ಬರ್ತದೆ.

ನೀವೂ ಸುರಂಗದ ನೀರಿಗೆ ಬರೆದಿಡಿ. ಒಂದು ಕೊಡಪಾನ ತುಂಬ್ಲಿಕ್ಕೆ ಎಷ್ಟು ನಿಮಿಷ, ಬೆಳಿಗ್ಗೆ ಒಮ್ಮೆ ಮೊಬೈಲ್ ನೋಡಿ ಬರೆದ್ರೆ ಆಯಿತು. ಬಾವಿಯವರು ಹಗ್ಗಕ್ಕೆ ಗಂಟು ಹಾಕಿ ನೀರಿನ ಮಟ್ಟ ಬರೀಲಿ. ಲಾರಿ ಎಷ್ಟು ಹೋಯಿತು ಅಂತ ಮನೆಯಲ್ಲಿ ಕೂತ ಅಜ್ಜಿಯಂದಿರು ಗೀಟು ಹಾಕ್ಲಿ, ಅವರಿಗೂ ಹೊತ್ತು ಹೋಗ್ತದೆ.

ಬೆಂಗ್ಳೂರು ಬಸ್ಸು
ಅಕ್ಕಾ, ಇದಕ್ಕೆ ಒಂದು ಆ್ಯಪ್ ಮಾಡಿಕೊಡ್ಲಾ?

ಅಯಲ್‌ಕೂಟದ ಅಕ್ಕ
ಬೇಡ ತಮ್ಮ. ಕ್ಯಾಲೆಂಡರಿಗೆ ರೇಂಜ್ ಬೇಡ.

ನೀರ್ಚಾಲು ಮಾಸ್ಟ್ರು
ಭಲೇ!

ಮಡಕಶಿರ ಮಾವ
ನಾನು ಆಂಧ್ರದ ಕಡೆ ಕನ್ನಡದೋನು. ಹೆಂಗಸರು ಸೇರಿದ್ರೆ ಏನಾಯ್ತದೆ ಅಂತ ನಮ್ ರಾಜ್ಯ ಕಂಡೈತೆ. ನೆಲ್ಲೂರು ಜಿಲ್ಲೆ ದೂಬಗುಂಟ ಅಂತ ಒಂದ್ ಹಳ್ಳಿ. 1992ರಲ್ಲಿ ಅಲ್ಲಿ ಹೆಣ್ಮಕ್ಳು ಸಾರಾಯಿ ಅಂಗಡಿ ಮುಚ್ಸಿದ್ರು. ಎಲ್ಲಿ ಸೇರಿದ್ರು ಅಂತೀರಾ? ರಾತ್ರಿ ಅಕ್ಷರ ಕಲಿಯೋ ಕ್ಲಾಸಿನಾಗೆ. ಓದೋಕೆ ಬರ್ತಾ ಬರ್ತಾ ಮಾತೂ ಬಂತು. ಊರಿಂದ ಊರಿಗೆ ಹಬ್ಬಿ 1993ರ ಅಕ್ಟೋಬರಿಗೆ ಸಾರಾಯಿ ಬಂದ್, 1995ರ ಜನವರಿಗೆ ಎನ್‌ಟಿಆರ್ ಸರ್ಕಾರ ಪೂರ್ತಿ ಪಾನನಿಷೇಧ ತಂತು.

ಅಡಕೆ ಸೋಗೆ
1997ರಲ್ಲಿ ತೆಗೆದ್ರಲ್ಲ ಮಾವ? ಅದನ್ನೂ ಹೇಳಿ.

ಮಡಕಶಿರ ಮಾವ
ತೆಗೆದ್ರಪ್ಪ, ಇಲ್ಲ ಅಂದೋರ್ಯಾರು. ಖಜಾನೆ ಖಾಲಿ ಅಂದ್ರು. ಆದ್ರೆ ಆವತ್ತು ಕಲಿತ ಅಕ್ಷರಾನ ಯಾರೂ ವಾಪಸ್ ತಗೊಳ್ಳಾಕೆ ಆಗ್ಲಿಲ್ಲ. ನೀನು ಎಲ್ಲದಕ್ಕೂ ಹಿಂಗೇನಾ, ಮನೇಲೂ?

ಅಡಕೆ ಸೋಗೆ
ಮನೆಯಲ್ಲಿ ಇದಕ್ಕಿಂತ ಜಾಸ್ತಿ.

ಜತ್ತಿನ ಜೋಳ
ನಮ್ಮ ಜತ್ತ ತಾಲೂಕ ಮಹಾರಾಷ್ಟ್ರದ ಸಾಂಗಲಿ ಜಿಲ್ಲಾದಾಗ ಐತ್ರಿ. ನೀರಿಗಿ ಬಾಯಿ ಬಾಯಿ ಬಿಟ್ಟ ತಾಲೂಕು. ವರ್ಷಾನುಗಟ್ಲೆ ಅರ್ಜಿ ಕೊಟ್ವಿ, ಕೇಳಾವ್ರಿಲ್ಲ. ಕಡೀಕ ಹಳ್ಳಿ ಪಂಚಾಯ್ತಿ ಮಂದಿ "ನೀರ ಕೊಡ್ರಿ, ಇಲ್ಲಾಂದ್ರ ಕರ್ನಾಟಕಕ್ಕ ಹೋಗ್ತೀವಿ" ಅಂತ ಠರಾವ್ ಮಾಡಿದ್ರು. 2022ರ ನವೆಂಬರದಾಗ ಕರ್ನಾಟಕದ ಮುಖ್ಯಮಂತ್ರಿ ಅದನ್ನ ಎತ್ತಿ ಆಡಿದ್ದ ತಡ, ಮುಂಬೈದಾಗ ಎಲ್ಲಾರಿಗೂ ಜತ್ತ ಎಲ್ಲೈತಿ ಅಂತ ಗೊತ್ತಾತು. ಮ್ಹೈಸಾಳ ನೀರಾವರಿ ವಿಸ್ತರಣಾಕ್ಕ ಲಗೂನ ಜೀವ ಬಂತು. ಗಡಿಯಾಗ ಇರೋದೂ ಒಂದ್ ಶಕ್ತಿನ ರೀ, ಹೆಂಗ ಹಿಡೀತೀರಿ ಅನ್ನೂದರ ಮ್ಯಾಲ.

ಚಂದ್ರಗಿರಿ ಬಡಗು
ಅಣ್ಣ, ಆ ಅಸ್ತ್ರ ನಾವು ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಹಿಡ್ಕೊಂಡಿದ್ದೇವೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಜೀವ ತೇದರು. 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಅಂದಿತು. ಆಮೇಲೆ? ವರದಿ ವರದಿಯಾಗಿಯೇ ಉಳಿಯಿತು. ನಮ್ಮ ಮಕ್ಕಳಿಗೆ ಕನ್ನಡ ಬಾರದ ಟೀಚರನ್ನು ಹಾಕಿದಾಗಲೆಲ್ಲ ಪೋಷಕರು ಶಾಲೆ ಗೇಟಿನಲ್ಲಿ ನಿಲ್ಲಬೇಕು.

ಕುಂಬ್ಳೆ ಕೆಂಪ
ಗೇಟಿನಲ್ಲಿ ನಿಂತದ್ದರಿಂದಲೇ ಅಲ್ವಾ ಕೆಲವು ಕಡೆ ಟೀಚರ್ ಬದಲಾದದ್ದು? ನಾನು ಹೇಳಿದ್ದೂ ಅದೇ.

ಚಂದ್ರಗಿರಿ ಬಡಗು
ಅದು ನಿಜ. ಪದವಿನಡಿ ಅಕ್ಕನಿಗೆ ಒಂದು ಮಾತು: ನೋಟಿಸು, ನಿರ್ಣಯ ಎಲ್ಲ ಮಲಯಾಳದಲ್ಲಿ ಬರ್ತದೆ, ನಮಗೆ ಅರ್ಥ ಆಗುದಿಲ್ಲ ಅಂತ ಹಿಂದೆ ಸರಿಯಬೇಡಿ. ಸಂವಿಧಾನದ 350ನೇ ವಿಧಿ ನೋಡಿ. ದೂರು, ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಯಾವ ಅಧಿಕಾರಿಗೂ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೂ ಕನ್ನಡಿಗರು, ತಮಿಳರು ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ವ್ಯವಹರಿಸಬಹುದು ಅಂತ ಉಂಟು. ಕನ್ನಡದಲ್ಲೇ ಕೊಡಿ. ತೆಗೊಳ್ಳುದಿಲ್ಲ ಅಂದ್ರೆ ಹಾಗೆಂದು ಬರೆದುಕೊಡಿ ಅಂತ ಕೇಳಿ.

ಫೈಲು ಗುಮಾಸ್ತ
ಹಕ್ಕು ಸರಿ. ಆದ್ರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲಿ ಮಾತ್ರ ಹಾಕಿದ್ರೆ ಅನುವಾದಕ್ಕೆ ಅಂತ ಫೈಲು ಕೂತುಬಿಡ್ತದೆ. ಕೆಲಸ ಬೇಗ ಆಗಬೇಕಾದ್ರೆ ಎರಡೂ ಭಾಷೆಯಲ್ಲಿ ಕೊಡಿ.

ಚಂದ್ರಗಿರಿ ಬಡಗು
ಹೀಗೆ ಹೊಂದಿಕೊಂಡು ಹೊಂದಿಕೊಂಡೇ ನಮಗೆ ಈ ಗತಿ.

ಫೈಲು ಗುಮಾಸ್ತ
ಸುರಂಗಕ್ಕೆ ಭಾಷೆ ಇಲ್ಲ ಮಾರಾಯ್ರೆ. ಕೆಳಗಿನ ಬಾವಿಯವರಲ್ಲಿ ಮಲಯಾಳದವರೂ ಇರ್ತಾರೆ, ತುಳುವರೂ, ಬ್ಯಾರಿಗಳೂ, ಮರಾಟಿಯವರೂ. ಅವರನ್ನು ಬಿಟ್ರೆ ನೂರು ಸಹಿ ಎಲ್ಲಿಂದ ತರ್ತೀರಿ?

ಹಲಸಿನ ಹಪ್ಪಳ
ಇಷ್ಟೆಲ್ಲ ಸಭೆ, ಅರ್ಜಿ ಯಾಕೆ? ಅಡ್ಯನಡ್ಕ ಹತ್ರ ಅಮೈ ಮಹಾಲಿಂಗ ನಾಯ್ಕರನ್ನು ನೋಡಿ. ಅಡಕೆ ಮರ ಹತ್ತುವ ಕೆಲಸದವರು. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿದ್ರು. ಐದರಲ್ಲಿ ನೀರಿಲ್ಲ, ಆರನೆಯದರಲ್ಲಿ ಬಂತು. 2022ರಲ್ಲಿ ಪದ್ಮಶ್ರೀ. ಒಬ್ಬ ಮನುಷ್ಯ ಹಠ ಹಿಡಿದ್ರೆ ಸಾಕು.

ನೀರ್ಚಾಲು ಮಾಸ್ಟ್ರು
ನಾಯ್ಕರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರು ಎದುರಿಸಿದ್ದು ಗುಡ್ಡವನ್ನು. ಗುಡ್ಡ ಯಾರಿಗೂ ಲಂಚ ಕೊಡುವುದಿಲ್ಲ, ಬೆದರಿಕೆ ಹಾಕುವುದಿಲ್ಲ. ಹೋಲಿಸುವುದಾದರೆ ಏತಡ್ಕದ ಕಟ್ಟಗಳನ್ನು ನೋಡಿ. ಮಳೆ ಹೋದ ಮೇಲೆ ಊರವರು ಸೇರಿ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕ್ತಾರೆ, ಮಳೆಗಾಲಕ್ಕೆ ಅದು ಹೋಗ್ತದೆ, ಮುಂದಿನ ವರ್ಷ ಮತ್ತೆ ಹಾಕ್ತಾರೆ. ಮೇಲಿನವನು ಹಾಕಿದ ಕಟ್ಟದಿಂದ ಕೆಳಗಿನವನ ಬಾವಿಗೂ ನೀರು. ಅದಕ್ಕೆ ಪದ್ಮಶ್ರೀ ಕೊಡುವುದಾದರೆ ಯಾರಿಗೆ ಕೊಡುವುದು? ಹಾಗಾಗಿ ಸುದ್ದಿಯೂ ಕಡಿಮೆ.

ಹಲಸಿನ ಹಪ್ಪಳ
ಆ ಕಟ್ಟ ಹಾಕುವವರೂ ಈಗ ಕಡಿಮೆಯಾಗಿದ್ದಾರೆ ಮಾಸ್ಟ್ರೇ. ಕೂಲಿ ಕೊಟ್ಟು ಪೂರೈಸುದಿಲ್ಲ.

ನೀರ್ಚಾಲು ಮಾಸ್ಟ್ರು
ಹೌದು. ಅದೂ ಸತ್ಯವೇ.

ಪದವಿನಡಿ
ಇಷ್ಟೊಂದು ಮಂದಿ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಆದಿತ್ಯವಾರ ಅಯಲ್‌ಕೂಟದಲ್ಲಿ ಮಾತೆತ್ತಿದೆ. ಇಬ್ಬರು "ನಮ್ಮ ಮನೆಯವರು ಕೋರೆಯಲ್ಲಿ ಕೆಲಸಕ್ಕೆ ಹೋಗ್ತಾರೆ, ನಮ್ಮನ್ನು ಬಿಡಿ" ಅಂತ ಎದ್ದು ಹೋದ್ರು. ಒತ್ತಾಯ ಮಾಡ್ಲಿಲ್ಲ. ಉಳಿದವರು ಕ್ಯಾಲೆಂಡರಿನ ವಿಷಯ ಕೇಳಿ ನಗಾಡಿದ್ರು, ಆದ್ರೆ ಮರುದಿವಸದಿಂದಲೇ ಬರೀಲಿಕ್ಕೆ ಶುರು ಮಾಡಿದ್ದಾರೆ. ನಮ್ಮ ಅತ್ತೆ ಲಾರಿ ಲೆಕ್ಕ ಹಿಡಿದು ಕೂತಿದ್ದಾರೆ, ಊಟಕ್ಕೆ ಕರೆದ್ರೂ ಏಳುದಿಲ್ಲ. ಸಹಿ ಸಂಗ್ರಹಕ್ಕೆ ಹೋದಾಗ ಮೆಂಬರಿನ ಚಿಕ್ಕಮ್ಮನೇ ಸಹಿ ಹಾಕಿದ್ರು, ಅವರ ಬಾವಿಯೂ ಬತ್ತಿದೆಯಂತೆ. ಮೆಂಬರ್ ಈಗ ಫೋನ್ ಎತ್ತುತ್ತಾರೆ.

ಹೆದರಿಕೆ ಹೋಗಿಲ್ಲ. ನಿನ್ನೆ ಅಂಗಡಿಯಲ್ಲಿ ಒಬ್ಬರು ನಮ್ಮವರ ಹತ್ರ "ಮನೆಯವರಿಗೆ ಹೊಲಿಗೆ ಕೆಲಸ ಕಡಿಮೆಯಾ ಈಗ?" ಅಂತ ಕೇಳಿದ್ರಂತೆ. ನಗಾಡಿಕೊಂಡೇ ಕೇಳಿದ್ದು.

ಕರಿಕೋಟು
ಆ ಮಾತು, ಹೇಳಿದವರ ಹೆಸರು, ತಾರೀಕು ಇವತ್ತೇ ಬರೆದಿಡಿ. ಎದುರಿಗೆ ಇದ್ದವರ ಹೆಸರೂ. ಮುಂದೆ ಬೇಕಾಗದಿದ್ರೆ ಒಳ್ಳೆಯದು.

ದೋಹಾ ಡ್ಯೂಟಿ
ನಾನು ಲಾರಿ ತಡೀಲಿಕ್ಕೆ ಬರುದಿಲ್ಲ. ಆದ್ರೆ ಮೇಲ್ಮನವಿ, ಫೋಟೋ ಪ್ರತಿ, ಬಸ್ ಖರ್ಚು ಎಂತ ಇದ್ರೂ ನಮ್ಮ ರೂಮಿನ ಹುಡುಗರು ನೋಡ್ಕೊಳ್ತೇವೆ. ಅಕ್ಕ, ಲೆಕ್ಕ ಅಯಲ್‌ಕೂಟದ ಪುಸ್ತಕದಲ್ಲೇ ಇರಲಿ, ಆಮೇಲೆ ಮಾತು ಬೇಡ.

ಕುಂಬ್ಳೆ ಕೆಂಪ
ಗ್ರಾಮಸಭೆಯ ದಿವಸ ನಾನು ಬರ್ತೇನೆ. ಹಿಂದೆ ನಿಲ್ತೇನೆ, ಬಾಯಿ ತೆರೆಯುದಿಲ್ಲ.

ಫೈಲು ಗುಮಾಸ್ತ
ಬೇರೆ ವಾರ್ಡಿನವರು ಬರಬಾರದು ಕೆಂಪಣ್ಣ. ನೀವು ಬಂದ್ರೆ "ಹೊರಗಿನವರು ಬಂದು ಗಲಾಟೆ ಮಾಡಿದ್ರು" ಅಂತ ಬರೆದು ಸಭೆ ಮುಂದೂಡ್ತಾರೆ. ಮನೆಯಲ್ಲೇ ಇರಿ.

ಕುಂಬ್ಳೆ ಕೆಂಪ
ಆಯ್ತಪ್ಪಾ.

ಅಡಕೆ ಸೋಗೆ
ಪರ್ಮಿಟ್ ನವೀಕರಣ ಯಾವಾಗ ಅಂತ ಮೊದಲು ನೋಡಿ. ಹಳೆ ತಾರೀಕು ಮುಗಿದು ಕಲ್ಲು ತೆಗೀತಾ ಇದ್ರೆ ಅಲ್ಲೇ ಹಿಡಿಯಬಹುದು. ನಮ್ಮ ಕಡೆ ಒಂದು ಕೋರೆ ಹಾಗೆ ನಿಂತಿತ್ತು.

ಅಯಲ್‌ಕೂಟದ ಅಕ್ಕ
ಓಹೋ! "ಎಂತದೂ ಆಗುದಿಲ್ಲ" ಅಂದವರು ಇವರೇ ಅಲ್ವಾ?

ಅಡಕೆ ಸೋಗೆ
ಆರು ತಿಂಗಳಲ್ಲಿ ಮತ್ತೆ ಶುರುವಾಯಿತು. ಅದನ್ನು ಹೇಳ್ಲಿಕ್ಕೆ ಬಿಡಲಿಲ್ಲ ನೀವು.

ಪದವಿನಡಿ
ಆರು ತಿಂಗಳು ಅಂದ್ರೆ ಒಂದು ಬೇಸಿಗೆ ಕಳೀತದೆ ಅಣ್ಣ. ಅರ್ಜಿಯ ಮಲಯಾಳ ಪ್ರತಿ ಯಾರಾದ್ರೂ ಬರೆದು ಕೊಡ್ತೀರಾ? ಕನ್ನಡದ್ದು ನಾನು ಬರೆದಿದ್ದೇನೆ, ಮಾಸ್ಟ್ರು ಒಮ್ಮೆ ತಿದ್ದಿದ್ರೆ ಉಪಕಾರ.

ಹತ್ತು ಚಕ್ರ
ಮಲಯಾಳ ನಾನು ಬರೀತೇನೆ. ಹೆಸರು ಹಾಕಬೇಡಿ.